ಹವಳದ ಅಕ್ವೇರಿಯಂನ ಕೆಎಚ್ ಅನ್ನು ಯಂತ್ರವೇ ಅಳೆದು, ಯಂತ್ರವೇ ಸರಿಪಡಿಸುವಂತೆ ಬಿಡಬಹುದೇ?

ಚಿಕ್ಕಬಳ್ಳಾಪುರದ ಮನೆಯಲ್ಲಿ 200 ಲೀಟರಿನ ಹವಳದ ತೊಟ್ಟಿ ಇದೆ, ಹವಳಗಳು ಅಸ್ಥಿಪಂಜರ ಕಟ್ಟಲು ಬಳಸುವ ನೀರಿನ ಕ್ಷಾರೀಯತೆ, ಅಂದರೆ ಕೆಎಚ್, ಅದರಲ್ಲಿ ದಿನಕ್ಕೆ ಸುಮಾರು 0.5 ಡಿಕೆಎಚ್ (ಕೆಎಚ್‌ನ ಅಳತೆಯ ಮಾನ) ಖರ್ಚಾಗುತ್ತದೆ, ದಿನಾ ಸಂಜೆ ಟೆಸ್ಟ್ ಕಿಟ್ಟಿನ ಹನಿ ಎಣಿಸಿ ಸಾಕಾಗಿದೆ, ತಾನೇ ನೀರು ಪರೀಕ್ಷಿಸುವ ಯಂತ್ರವನ್ನು ತಂದು, ಕೆಎಚ್ ಏರಿಸುವ ದ್ರಾವಣವನ್ನು ಅಳತೆಯಂತೆ ಹಾಕುವ ಡೋಸಿಂಗ್ ಪಂಪಿಗೆ ಜೋಡಿಸಿದರೆ ಹತ್ತು ದಿನ ಊರು ಬಿಟ್ಟು ಹೋಗಬಹುದೇ ಎಂದು ನೀವು ಕೇಳಿದ್ದೀರಿ. ಯಂತ್ರವನ್ನು ಖಂಡಿತ ತರಿಸಿಕೊಳ್ಳಿ. ಆದರೆ ಪಂಪನ್ನು ಪೂರ್ತಿಯಾಗಿ ಅದರ ವಶಕ್ಕೆ ಕೊಡಬೇಡಿ. ನಾನು ಕೋಲಾರದ ಡೇರಿಯೊಂದರ ಪ್ರಯೋಗಾಲಯದಲ್ಲಿ ಹದಿನಾಲ್ಕು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ, ಮನೆಯಲ್ಲಿ ಆರು ವರ್ಷಗಳಿಂದ ಹವಳ ಸಾಕುತ್ತಿದ್ದೇನೆ; ಎರಡೂ ಕಡೆಯ ಅನುಭವದಿಂದ ಈ ಮಾತು ಹೇಳುತ್ತಿದ್ದೇನೆ.

ಈ ಯಂತ್ರಗಳು ಮಾಡುವುದು ನಾವು ಪಿಯುಸಿಯಲ್ಲಿ ಮಾಡಿದ ಟೈಟ್ರೇಶನ್ನನ್ನೇ. ಡೇರಿಯಲ್ಲಿ ಹಾಲಿನ ಹುಳಿ ಅಳೆಯಲು ನಾನು ಕ್ಷಾರವನ್ನು ಹನಿಹನಿಯಾಗಿ ಬಿಟ್ಟು, ತಿಳಿ ಗುಲಾಬಿ ಬಣ್ಣ ನಿಂತ ಕೂಡಲೇ ಬ್ಯೂರೆಟ್ಟಿನ ಗೆರೆ ನೋಡುತ್ತೇನೆ. ಕೆಎಚ್ ಪರೀಕ್ಷೆ ಇದರ ತಿರುವುಮುರುವು: ಅಳತೆಯ ತೊಟ್ಟಿನೀರಿಗೆ ಆಮ್ಲ ಬಿಡುತ್ತಾ ಹೋಗಿ, ಪಿಎಚ್ 4.5ರ ಆಸುಪಾಸಿಗೆ ಇಳಿಯಲು ಎಷ್ಟು ಆಮ್ಲ ಹಿಡಿಯಿತು ಎಂಬುದರಿಂದ ಲೆಕ್ಕ ಹಾಕುವುದು. ಜಿಎಚ್‌ಎಲ್‌ನ ಕೆಎಚ್ ಡೈರೆಕ್ಟರ್, ಆಲ್ಕಟ್ರಾನಿಕ್ ಮುಂತಾದವು ಪಿಎಚ್ ಪ್ರೋಬಿನಿಂದ ಇದನ್ನು ಗುರುತಿಸುತ್ತವೆ. ನೆಪ್ಚೂನ್ ಸಿಸ್ಟಮ್ಸ್‌ನ ಟ್ರೈಡೆಂಟ್ ದ್ರಾವಣದ ಬಣ್ಣ ತಿರುಗುವುದನ್ನು ಬೆಳಕಿನ ಸೆನ್ಸರಿನಿಂದ ನೋಡುತ್ತದೆ, ಸಾಮಾನ್ಯ ಹೊಂದಾಣಿಕೆಯಲ್ಲಿ ದಿನಕ್ಕೆ ನಾಲ್ಕು ಬಾರಿ ಕೆಎಚ್ ಅನ್ನೂ ಎರಡು ಬಾರಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅನ್ನೂ ಅಳೆಯುತ್ತದೆ. ದಿನಕ್ಕೆ ನಾಲ್ಕು ಅಂಕಿ ಸಿಗುವುದು ದೊಡ್ಡ ಉಪಕಾರ. ಬೆಳಕಿರುವಾಗ ಹವಳಗಳು ಅಸ್ಥಿಪಂಜರವನ್ನು ವೇಗವಾಗಿ ಕಟ್ಟುವುದರಿಂದ ಕೆಎಚ್ ಹಗಲಿನಲ್ಲಿ ಹೆಚ್ಚು ಖರ್ಚಾಗುತ್ತದೆ, ರಾತ್ರಿ ಕಡಿಮೆ; ಒಂದು ದಿನ ಬೆಳಿಗ್ಗೆ, ಮರುದಿನ ರಾತ್ರಿ ಪರೀಕ್ಷಿಸುವವರಿಗೆ ಈ ಏರಿಳಿತ ಕಿಟ್ಟಿನ ತಪ್ಪಿನಂತೆ ಕಾಣುತ್ತದೆ. ಯಂತ್ರ ಬಂದ ಮೊದಲ ವಾರದಲ್ಲೇ ನನ್ನ ತೊಟ್ಟಿಯ ಈ ಲಯ ನನಗೆ ಅರ್ಥವಾಯಿತು.

ತೊಂದರೆ ಶುರುವಾದದ್ದು ಡೋಸಿಂಗ್ ಪಂಪನ್ನು ಅದಕ್ಕೆ ಜೋಡಿಸಿದ ಮೇಲೆ. ಕೆಎಚ್ 8.3ರಲ್ಲಿ ನಿಲ್ಲಬೇಕೆಂದು ಗುರಿ ಕೊಟ್ಟಿದ್ದೆ, ಮೊಬೈಲಿನಲ್ಲಿ ಐದು ವಾರ ನೂಲು ಹಿಡಿದಂತೆ ನೇರವಾದ ಗೆರೆ ಕಾಣಿಸುತ್ತಿತ್ತು. ಒಂದು ಭಾನುವಾರ ಗಾಜು ಒರೆಸುವಾಗ, ಕೊಂಬೆ ಹವಳದ ತುದಿಗಳಲ್ಲಿ ಉಗುರಿನಷ್ಟು ಜಾಗದಲ್ಲಿ ಚರ್ಮ ಸುಲಿದು ಬಿಳಿಯ ಕಲ್ಲು ಕಾಣುತ್ತಿರುವುದು ಕಣ್ಣಿಗೆ ಬಿತ್ತು. ಹೀಟರನ್ನು ಎತ್ತಿ ನೋಡಿದರೆ, ನಮ್ಮೂರ ಬೋರ್‌ವೆಲ್ ನೀರಿಗೆ ಗೀಸರಿನ ಕಾಯಿಲ್ ಮೇಲೆ ಕಟ್ಟುವಂಥದ್ದೇ ಬಿಳಿ ಪೊರೆ, ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ಕೈಯಾರೆ ಪರೀಕ್ಷಿಸಿದಾಗ ಕೆಎಚ್ 10.6 ಬಂತು. ಪರೀಕ್ಷೆಗೆ ನೀರನ್ನು ಸೆಳೆಯುವ, ಯಂತ್ರದೊಳಗಿನ ಪಂಪಿನ ಮೆತ್ತನೆಯ ಕೊಳವೆ ಸವೆದಿತ್ತು; ಸೆಳೆದ ನೀರು ಕಡಿಮೆಯಾದ್ದರಿಂದ ಹಿಡಿದ ಆಮ್ಲವೂ ಕಡಿಮೆಯಾಯಿತು, ಕೆಎಚ್ ಇಳಿದಿದೆ ಎಂದು ಯಂತ್ರ ತಿಳಿಯಿತು, ಇಳಿದಷ್ಟನ್ನು ಡೋಸಿಂಗ್ ಪಂಪು ತುಂಬಿಸುತ್ತಾ ಹೋಯಿತು.

ಅಳೆಯುವುದೂ ಸರಿಪಡಿಸುವುದೂ ಒಂದೇ ಯಂತ್ರವಾದಾಗ, ಕೆಎಚ್ ಗೆರೆ ನೇರವಾಗಿರುವುದು ಯಾವುದಕ್ಕೂ ಸಾಕ್ಷಿಯಲ್ಲ. ಅದು ನೇರವಾಗಿರುವಂತೆ ಯಂತ್ರವೇ ನೋಡಿಕೊಳ್ಳುತ್ತಿರುತ್ತದೆ. ಸತ್ಯ ಇರುವುದು ಡೋಸ್ ಆದ ದ್ರಾವಣದ ಲೆಕ್ಕದಲ್ಲಿ. ನನ್ನ ಪಂಪು ಐದು ವಾರಗಳಲ್ಲಿ ದಿನಕ್ಕೆ 40 ಮಿಲಿಯಿಂದ 48 ಮಿಲಿಗೆ ಏರಿತ್ತು, ಆ ಅಂಕಿಯನ್ನು ನಾನು ಒಮ್ಮೆಯೂ ತೆರೆದು ನೋಡಿರಲಿಲ್ಲ. ಹವಳ ಬೆಳೆದಂತೆ ಡೋಸ್ ಏರುವುದು ಸಹಜವೇ, ಆದರೆ ಏರಿದಾಗಲೆಲ್ಲ ಒಮ್ಮೆ ಕೈಯಾರೆ ಪರೀಕ್ಷಿಸಲೇಬೇಕು. ನಮ್ಮ ಕಡಲಿನ ಕಲ್ಲುಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ನಮ್ಮ ತೊಟ್ಟಿಗೆ ಬರುವುದೂ ಕಾಗದಪತ್ರ ಸರಿಯಿರುವ ಹವಳವೇ ಆಗಿರಬೇಕು; ಒಂದು ಸತ್ತರೆ ಇನ್ನೊಂದು ತಂದರಾಯಿತು ಎನ್ನುವಂಥ ಜೀವಿ ಇದಲ್ಲ.

ಕೈಯ ಕಿಟ್ಟೂ ತಪ್ಪಬಹುದು, ಆದ್ದರಿಂದ ಎರಡನ್ನೂ ತೂಗಲು ಮೂರನೆಯದೊಂದು ಬೇಕು. ಒಣಗಿದ, ಪ್ರಯೋಗಾಲಯ ದರ್ಜೆಯ ಸೋಡಿಯಂ ಬೈಕಾರ್ಬೊನೇಟನ್ನು 2.4 ಗ್ರಾಂ ತೂಗಿ ಒಂದು ಲೀಟರ್ ಆರ್‌ಓ-ಡಿಐ ನೀರಿನಲ್ಲಿ (ಲವಣವನ್ನೆಲ್ಲ ಸೋಸಿ ತೆಗೆದ ಶುದ್ಧ ನೀರು) ಕರಗಿಸಿ, ಅದರಲ್ಲಿ 100 ಮಿಲಿ ತೆಗೆದು ಮತ್ತೆ ಅದೇ ಶುದ್ಧ ನೀರು ಸೇರಿಸಿ ಒಂದು ಲೀಟರ್ ಮಾಡಿದರೆ 8 ಡಿಕೆಎಚ್‌ನ ದ್ರಾವಣ ಸಿಗುತ್ತದೆ. ಪ್ರೋಬ್ ಇರುವ ಯಂತ್ರಕ್ಕೆ ತಿಂಗಳಿಗೊಮ್ಮೆ ಇದನ್ನು ಕುಡಿಸಿ ನೋಡಿ, ಅದಕ್ಕೆ ಮೊದಲು ಪ್ರೋಬನ್ನು ಪಿಎಚ್ 7 ಮತ್ತು 4ರ ಬಫರ್ ದ್ರಾವಣಗಳಲ್ಲಿ ಹೊಂದಿಸಿ. ಬಣ್ಣ ನೋಡುವ ಯಂತ್ರಕ್ಕೆ, ಈ ದ್ರಾವಣ ಉಪ್ಪುನೀರಲ್ಲದ ಕಾರಣ, ಆ ಕಂಪನಿಯವರೇ ಕೊಡುವ ದ್ರಾವಣವನ್ನು ಬಳಸುವುದು ಮೇಲು.

ನಮ್ಮ ಎರಡೂ ಜಿಲ್ಲೆಗಳ ಆಳದ ಬೋರ್‌ವೆಲ್ ನೀರಿನ ವಿಷಯ ನಿಮಗೆ ಹೇಳಬೇಕಾಗಿಲ್ಲ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಕ್ಯಾನಿನ ನೀರಿನಲ್ಲಿಯೂ ಲವಣ ಉಳಿದಿರುತ್ತದೆ, ಆವಿಯಾದ ನೀರಿನ ಬದಲಿಗೆ ಅದನ್ನು ಸುರಿದರೆ ಯಂತ್ರದ ಲೆಕ್ಕಕ್ಕೆ ಸಿಗದ ದಾರಿಯಿಂದ ಕೆಎಚ್ ಸೇರುತ್ತಾ ಹೋಗುತ್ತದೆ. ಮನೆಯ ಆರ್‌ಓ ನಂತರ ಡಿಐ ರೆಸಿನ್ ಇಟ್ಟು ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರಿನಲ್ಲಿ ಸೊನ್ನೆ ನೋಡಿಕೊಳ್ಳಿ. ಕರೆಂಟಿನ ಸಲುವಾಗಿ ಯುಪಿಎಸ್ ಇಡುವುದಾದರೆ ಮೊದಲ ಹಕ್ಕು ಅಲೆಯ ಪಂಪಿನದು, ಪರೀಕ್ಷಾ ಯಂತ್ರದ್ದಲ್ಲ.

ಇನ್ನು ನಿಮ್ಮ ಹತ್ತು ದಿನದ ಪ್ರಯಾಣ. 200 ಲೀಟರಿಗೆ ಒಂದು ಡಿಕೆಎಚ್ ಏರಿಸಲು ಸುಮಾರು 6 ಗ್ರಾಂ ಸೋಡಿಯಂ ಬೈಕಾರ್ಬೊನೇಟ್ ಬೇಕು, ಅಂದರೆ ನಿಮ್ಮ ದಿನದ ಖರ್ಚು 3 ಗ್ರಾಂ. ಅಷ್ಟನ್ನು ಹಿಡಿಯುವ ದ್ರಾವಣವನ್ನು ಗಂಟೆಗಂಟೆಗೆ ಹಂಚಿ, ಯಂತ್ರದ ಮಾತು ಕೇಳದೆ, ವೇಳಾಪಟ್ಟಿಯಂತೆ ಹಾಕಲು ಪಂಪಿಗೆ ಹೇಳಿ. ಯಂತ್ರಕ್ಕೆ ಅದರ ಮೇಲೆ ಶೇ. 20ರಷ್ಟು ಮಾತ್ರ ಹೆಚ್ಚುಕಡಿಮೆ ಮಾಡುವ ಅಧಿಕಾರ ಕೊಡಿ. ಅದು ಪ್ರತಿದಿನ ಪೂರ್ತಿ ತಪ್ಪಿದರೂ ಹತ್ತು ದಿನಕ್ಕೆ ಒಂದೇ ಡಿಕೆಎಚ್ ಜಾರುತ್ತದೆ, ಅದನ್ನು ಹವಳಗಳು ತಡೆದುಕೊಳ್ಳುತ್ತವೆ. ಡೋಸಿಂಗ್ ಕ್ಯಾನಿನಲ್ಲಿ ಹನ್ನೆರಡು ದಿನಕ್ಕೆ ಆಗುವಷ್ಟು ದ್ರಾವಣವನ್ನು ಮಾತ್ರ ತುಂಬಿಡಿ. ಈ ವ್ಯವಸ್ಥೆಯನ್ನು ಮನೆಯಲ್ಲಿದ್ದುಕೊಂಡೇ ಒಂದು ತಿಂಗಳು ನಡೆಸಿ, ಪ್ರತಿ ಭಾನುವಾರ ಒಂದೇ ಹೊತ್ತಿಗೆ ಕೈಯಾರೆ ಪರೀಕ್ಷಿಸಿ ಯಂತ್ರದ ಅಂಕಿಯ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ನಾಲ್ಕು ಭಾನುವಾರವೂ ಎರಡರ ನಡುವಿನ ಅಂತರ ಬದಲಾಗದಿದ್ದರೆ ಹೊರಡಿ.