ಕೆನಡಾದ ಒಂಟಾರಿಯೋದಾಗ ಬಾಡಿಗಿ ಮನಿ ಬಿಡೂ ಮುಂದ ತಾರೀಖ ನೋಡ್ಕೊಂಡು ನೋಟಿಸ್ ಕೊಡವಾ

ಗದಗಿನ ತಂಗಿ ಒಬ್ಬಾಕಿ ಕೇಳ್ಯಾಳ, ಬ್ರಾಂಪ್ಟನ್ ಬೇಸ್‌ಮೆಂಟ್‌ದಾಗ ಇದೀನಿ, ಲೀಸ್ ಏನೂ ಬರದಿಲ್ಲ, ತಿಂಗಳಾ 1ನೇ ತಾರೀಖ ಬಾಡಿಗಿ ಕೊಡ್ತೀನಿ, ಈಗ ವಾಟರ್‌ಲೂದಾಗ ಕೆಲಸ ಸಿಕ್ಕೈತಿ, ಓನರ್ ಅಂಕಲ್‌ಗೆ ಬಾಯಿಲೆ ಹೇಳಿದ್ರ ಸಾಕೇನಕ್ಕಾ, ಕೊಟ್ಟ ಡಿಪಾಸಿಟ್ ಬರ್ತೈತೇನ ಅಂತ.

ಸಾಕಾಗಂಗಿಲ್ಲವಾ. ನಮ್ ಧಾರವಾಡ ಸಪ್ತಾಪುರದಾಗ ರೂಮ್ ಮಾಡಿ ಓದೋ ಹುಡುಗೂರು ಪರೀಕ್ಷಾ ಮುಗದ ಕೂಡ್ಲೆ "ಕಾಕಾ, ಮುಂದಿನ ತಿಂಗಳ ಬಿಡ್ತೀವ್ರಿ" ಅಂದ್ರ ಮುಗೀತು, ಕಾಕಾರೂ ಬಣ್ಣದ ಖರ್ಚು ಮುರ್ಕೊಂಡು ಉಳದಿದ್ದು ಕೈಯಾಗ ಇಡ್ತಾರ. ಇಲ್ಲೆ ಬರವಣಿಗಿನ ಬೇಕು, ಎನ್ 9 ಅನ್ನೋ ಫಾರ್ಮ್ ಐತಿ, ಓನರ್, ಬಾಡಿಗಿಯವ್ರ ತಕರಾರು ಬಗಿಹರ್ಸೋ ಲ್ಯಾಂಡ್‌ಲಾರ್ಡ್ ಆ್ಯಂಡ್ ಟೆನೆಂಟ್ ಬೋರ್ಡ್‌ದ್ದು, ಪುಕ್ಕಟೆ ಸಿಗ್ತೈತಿ.

ಆದ್ರ ಮೊದ್ಲ ಒಂದ್ ಮಾತ ಹೇಳು, ಅಡಗಿಮನಿ ಇಲ್ಲಾ ಬಾತ್‌ರೂಮ್ ಓನರ್ ಮನಿಯವ್ರ ಜೋಡಿ ಹಂಚ್ಕೊಂಡಿ ಏನ? ಹಂಗಿದ್ರ ಈ ಬಾಡಿಗಿ ಕಾಯ್ದೆ ನಿನಗ ಹತ್ತಂಗಿಲ್ಲ, ನೀವಿಬ್ರು ಏನ್ ಮಾತಾಡ್ಕೊಂಡೀರಿ ಅದ ನಡೀತೈತಿ. ನಿನ್ನ ಬೇಸ್‌ಮೆಂಟ್‌ಗೆ ಬ್ಯಾರೆ ಅಡಗಿಮನಿ, ಬ್ಯಾರೆ ಬಾತ್‌ರೂಮ್ ಇದ್ರ ಲೀಸ್ ಕಾಗದ ಇಲ್ದಿದ್ರೂ ಕಾಯ್ದೆ ನಿನ್ನ ಕಡೆ ಐತಿ, ಮುಂದಿಂದೆಲ್ಲಾ ಹಂಗ ತಿಳ್ಕೊಂಡ ಹೇಳಾಕತ್ತೇನಿ.

ಎಲ್ಲಾರೂ ಎಡವೋದು ತಾರೀಖಿನಾಗ. 60 ದಿನ ಮೊದ್ಲ ಕೊಡಬೇಕು ಅಂತ ಎಲ್ಲಾರಿಗೂ ಗೊತ್ತಿರ್ತೈತಿ, ಆದ್ರ ಬಿಡೋ ದಿನ ಬಾಡಿಗಿ ತಿಂಗಳದ ಕಡೀ ದಿನಾನ ಇರಬೇಕು ಅನ್ನೋದನ್ನ ಮರೀತಾರ. ಮಾರ್ಚ್ 1ಕ್ಕ ನೋಟಿಸ್ ಕೊಟ್ಟಿ ಅಂದ್ರ ಏಪ್ರಿಲ್ 30ಕ್ಕ ಬಿಡಬಹುದು. ಮಾರ್ಚ್ 2ಕ್ಕ ಕೊಟ್ಟಿ ಅಂದ್ರ 60 ದಿನ ಮೇ 1ಕ್ಕ ಹೋಗ್ತೈತಿ, ಅಂದ್ರ ಮೇ 31ರ ತನಕ ಬಾಡಿಗಿ ನಿನ್ನ ತಲಿಮ್ಯಾಲ. ಒಂದ ದಿನಕ್ಕ ಪೂರಾ ಒಂದ್ ತಿಂಗಳ ಬಾಡಿಗಿ ಹೋತು ನೋಡು, ಹೊಸದಾಗಿ ಬಂದವ್ರಿಗೆ ಅದೇನ್ ಸಣ್ಣ ರೊಕ್ಕಲ್ಲ. ಫೆಬ್ರವರಿ ಸಣ್ಣ ತಿಂಗಳಂತ ಅಷ್ಟ ಒಂದು ರಿಯಾಯಿತಿ ಐತಿ, ಜನವರಿ 1ಕ್ಕ ಕೊಟ್ರ ಫೆಬ್ರವರಿ ಕಡೀಕ, ಫೆಬ್ರವರಿ 1ಕ್ಕ ಕೊಟ್ರ ಮಾರ್ಚ್ ಕಡೀಕ ಬಿಡಬಹುದು.

ಫಾರ್ಮ್ ಕೈಯಾಗ ಕೊಡು. ಪೋಸ್ಟ್‌ಗೆ ಹಾಕಿದ್ರ ಹಾಕಿದ ಐದನೇ ದಿನಕ್ಕ ಮುಟ್ಟಿದಂಗ ಲೆಕ್ಕ, ಅಲ್ಲೇ ತಾರೀಖ ತಪ್ಪತೈತಿ. ಈಮೇಲ್ ನಡೀತೈತಿ ಅಂತ ಮೊದ್ಲ ಬರದು ಒಪ್ಕೊಂಡಿರದಿದ್ರ ಅದನ್ನ ನೆಚ್ಚಬ್ಯಾಡ. ನಾ ಹಿಂದಿನ ಮನಿ ಬಿಡೂ ಮುಂದ ಓನರ್ ಆಂಟಿ ಡೈನಿಂಗ್ ಟೇಬಲ್ ಮ್ಯಾಲನ ಎರಡ್ ಪ್ರತಿ ಇಟ್ಟು, ನನ್ನ ಪ್ರತಿ ಮ್ಯಾಲ "ಮುಟ್ಟೈತಿ" ಅಂತ ಬರಿಸಿ ಸಹಿ, ತಾರೀಖ ಹಾಕಿಸ್ಕೊಂಡು ಅಲ್ಲೇ ಫೋಟೋ ಹೊಡ್ಕೊಂಡೆ. ಅವ್ರಿಗೆ ಏನೂ ಬ್ಯಾಸರಾಗ್ಲಿಲ್ಲ, ಚಹಾ ಕುಡಸೇ ಕಳಿಸಿದ್ರು.

ಡಿಪಾಸಿಟ್ ವಿಷಯ. ಇಲ್ಲೆ ಓನರ್ ಇಸ್ಕೊಳ್ಳಾಕ ಬರೋದು ಕಡೀ ತಿಂಗಳದ ಬಾಡಿಗಿ ಒಂದ, ಅದರ ಜೋಡಿ ಬೇಕಿದ್ರ ಕೀಲಿಗೆ ಒಂದಿಷ್ಟು ರೊಕ್ಕ. ಆ ಬಾಡಿಗಿ ನಿನ್ನ ಕಡೀ ತಿಂಗಳಕ್ಕ ಜಮಾ ಆಗ್ತೈತಿ, ಅದನ್ನ ಹೊಳ್ಳಿ ಕೇಳೂದಲ್ಲ, ಆ ತಿಂಗಳ ಕೊಡೂದು ಬ್ಯಾಡ ಅಷ್ಟ. ಒಗ್ಗರಣಿ ವಾಸನಿ, ಒಲಿ ಹಿಂದ ಅರಿಷಿಣದ ಕಲಿ ಅಂತ ಹೇಳಿ ಅದ್ರಾಗ ಮುರ್ಕೊಳ್ಳಾಕ ಬರಂಗಿಲ್ಲ, ಖರೇನ ಏನರೆ ಹಾಳಾಗಿದ್ರ ಅವ್ರು ಬೋರ್ಡ್‌ಗೆ ಹೋಗಿ ಕೇಳಬೇಕು. ಆದ್ರೂ ನೀ ಸ್ವಚ್ಛ ಒರಸಿ, ಖಾಲಿ ಮನಿ ವಿಡಿಯೋ ಮಾಡಿಟ್ಕೊ.

ಕೆಲಸಕ್ಕ ಲಗೂನ ಹೋಗಬೇಕಾದ್ರ ಅಂಕಲ್‌ನ್ನ ಕೇಳಿ ನೋಡು, ಅವ್ರು ಒಪ್ಪಿದ್ರ ಎನ್ 11 ಅಂತ ಫಾರ್ಮ್ ಐತಿ, ಇಬ್ರೂ ಸಹಿ ಮಾಡಿದ್ರ 60 ದಿನದ ಲೆಕ್ಕನ ಇಲ್ಲ, ಯಾವ ತಾರೀಖ ಹಾಕ್ತೀರಿ ಅವತ್ತ ಬಿಡಬಹುದು. "ಆತು, ಹೋಗವಾ" ಅಂತ ಬಾಯಿಲೆ ಅಂದಿದ್ದನ್ನ ಹಿಡ್ಕೊಂಡು ಹೋಗಬ್ಯಾಡ, ನಮ್ ಪರಿಚಯದ ಹಾವೇರಿ ಹುಡುಗಗ ಅವನ ಓನರ್ ಹಂಗ ಹೇಳಿ ಆಮ್ಯಾಲ ಎರಡ್ ತಿಂಗಳ ಬಾಡಿಗಿ ಕೊಡು ಅಂತ ಕುಂತಿದ್ರು.

ಇನ್ನೊಂದು, ವಾಟರ್‌ಲೂದಾಗ ಮನಿ ಪಕ್ಕಾ ಆಗೂತನ ಎನ್ 9 ಕೊಡಬ್ಯಾಡ. ಕೊಟ್ಟು ಆ ದಿನ ನೀ ಬಿಡದಿದ್ರ ಓನರ್ ವಿಚಾರಣೆ ಇಲ್ದನ ಬೋರ್ಡ್‌ನಿಂದ ಖಾಲಿ ಮಾಡ್ಸೋ ಆರ್ಡರ್ ತರಬಹುದು. ನೋಟಿಸ್ ಕೊಟ್ಟ ಮ್ಯಾಲ ಮುಂಜಾನೆ 8ರಿಂದ ರಾತ್ರಿ 8ರೊಳಗ ಹೊಸ ಬಾಡಿಗಿಯವ್ರನ್ನ ಮನಿ ತೋರ್ಸಾಕ ಕರ್ಕೊಂಡು ಬರ್ತಾರ, ಬರೂ ಮುಂದ ನಿನಗ ತಿಳಸಾಕ ಪ್ರಯತ್ನ ಮಾಡಬೇಕು, ಅದಕ್ಕ ಅಂಜಬ್ಯಾಡ.

ಫಾರ್ಮ್ ತುಂಬಿದ ಮ್ಯಾಲ ಕೊಡೂಕಿಂತ ಮೊದ್ಲ ನನಗೊಂದ್ ಫೋಟೋ ಕಳಸು, ತಾರೀಖ ಸರಿ ಐತೇನ ನೋಡಿ ಹೇಳ್ತೀನಿ.