ಹೆರಿಗೆ ಆಸ್ಪತ್ರೆಯ ಅನಸ್ತೇಷಿಯಾ ಡಾಕ್ಟರ್ ಕೆಲಸ ಅಂದ್ರೆ ಬರೀ ಇಂಜೆಕ್ಷನ್ ಕೊಟ್ಟು ಕೂರೋದಾ?

ನಿಮ್ಮ ಪ್ರಶ್ನೆ ಹೀಗಿತ್ತು: "ಎಂಬಿಬಿಎಸ್ ಮುಗಿಸಿದ್ದೇನೆ. ಅನಸ್ತೇಷಿಯಾ ಪಿಜಿ ಸೀಟು ಸಿಗುವ ಹಾಗಿದೆ. ಮುಂದೆ ಹೆರಿಗೆ ಆಸ್ಪತ್ರೆಯಲ್ಲೇ ಕೆಲಸ ಮಾಡುವ ಆಸೆ. ಆದರೆ ಎಲ್ಲರೂ, ಅದರಲ್ಲೇನಿದೆ, ಬೆನ್ನಿಗೊಂದು ಇಂಜೆಕ್ಷನ್ ಕೊಟ್ಟು ಸುಮ್ನೆ ಕೂರೋದು ಅಂತಾರೆ. ನಿಜಾನಾ?"

ನಾನು ಇದೇ ಕೆಲಸ ಮಾಡುವವಳು. ಇಂಜೆಕ್ಷನ್ ಕೊಡುವುದು ನಿಜ. ಆಮೇಲೆ ಕೂರುವುದೂ ನಿಜ. ಎಲ್ಲಿ ಕೂರುತ್ತೇವೆ ಅನ್ನುವುದನ್ನು ಮಾತ್ರ ಅವರು ನಿಮಗೆ ಹೇಳಿಲ್ಲ. ದೊಡ್ಡ ಆಪರೇಷನ್‌ಗಳಲ್ಲಿ ಹೆಚ್ಚಾಗಿ ರೋಗಿ ನಿದ್ದೆಯಲ್ಲಿರುತ್ತಾರೆ. ಸಿಸೇರಿಯನ್‌ನಲ್ಲಿ ಸಾಮಾನ್ಯವಾಗಿ ತಾಯಿ ಎಚ್ಚರವಾಗಿರುತ್ತಾಳೆ. ಹಸಿರು ಬಟ್ಟೆಯ ಆ ಕಡೆ ಸರ್ಜನ್, ಅಸಿಸ್ಟೆಂಟ್, ಸಿಸ್ಟರ್ ಎಲ್ಲ ಇರುತ್ತಾರೆ. ಈ ಕಡೆ, ಅವಳ ಮುಖದ ಹತ್ತಿರ ಇರುವುದು ನಾವು. ಅವಳಿಗೆ ಏನಾಗುತ್ತಿದೆ ಅಂತ ಮೊದಲು ಗೊತ್ತಾಗಬೇಕಾದದ್ದು ನಮಗೇ. ಈ ಕೆಲಸದ ಖುಷಿ, ಭಯ ಎರಡೂ ಅಲ್ಲೇ ಇವೆ.

ಸ್ಪೈನಲ್, ಅಂದರೆ ಮೈ ಮರಗಟ್ಟಿಸಲು ಬೆನ್ನಿಗೆ ಕೊಡುವ ಆ ಇಂಜೆಕ್ಷನ್, ಕೊಡುವ ಹೊತ್ತನ್ನೇ ತಗೊಳ್ಳಿ. ಅವಳು ಟೇಬಲ್ ಮೇಲೆ ಕಾಲು ಇಳಿಬಿಟ್ಟು ಕೂತಿರುತ್ತಾಳೆ. "ಗದ್ದ ಎದೆಗೆ ತಾಗಿಸಮ್ಮ, ಹೆಗಲು ಸಡಿಲ ಬಿಡು, ಸೊಂಟ ನನ್ನ ಕಡೆ ತಳ್ಳು" ಅಂತೀವಿ. ತುಂಬು ಹೊಟ್ಟೆ ಇಟ್ಟುಕೊಂಡು ಬಾಗುವುದು ಸುಲಭ ಅಲ್ಲ. ಸಿಸ್ಟರ್ ಎದುರಿಗೆ ನಿಂತು ಹೆಗಲು ಹಿಡಿದಿರುತ್ತಾರೆ. ನಡುವೆ ಹೆರಿಗೆ ನೋವು ಬಂದರೆ ನಾನು ಕೈ ತೆಗೆದು ಕಾಯುತ್ತೇನೆ. ನೋವು ಇಳಿದ ಮೇಲೆ ಮುಂದಿನದು. ಸೊಂಟದ ಮೂಳೆಯ ಅಂಚನ್ನು ಎರಡೂ ಕಡೆ ಬೆರಳಲ್ಲಿ ಹುಡುಕಿ, ಅದರ ನೇರಕ್ಕೆ ಬೆನ್ನುಮೂಳೆಯ ಸಂದು ಗುರುತಿಸಬೇಕು. ಬೆನ್ನುಹುರಿ ಸಾಮಾನ್ಯವಾಗಿ ಅದಕ್ಕಿಂತ ಮೇಲೆಯೇ ಮುಗಿದಿರುತ್ತದೆ, ಅದಕ್ಕೇ ಅಷ್ಟು ಕೆಳಗೆ ಚುಚ್ಚುವುದು. ಕೂದಲೆಳೆಯಷ್ಟು ಸಣ್ಣ ಸೂಜಿ. ಕೊನೆಯ ಪದರ ದಾಟುವಾಗ ಬೆರಳಿಗೆ ಸಣ್ಣಗೆ 'ಟಕ್' ಅಂತ ಗೊತ್ತಾಗುತ್ತದೆ. ಒಳಗಿನ ಕಡ್ಡಿ ಎಳೆದರೆ ಸೂಜಿಯ ಬಾಯಲ್ಲಿ ತಿಳಿಯಾದ ಒಂದು ಹನಿ ಬರುತ್ತದೆ. ಮರಗಟ್ಟಿಸುವ ಔಷಧಿ, ಹೆವಿ ಬುಪಿವಕೇನ್, ಸುಮಾರು 2 ಎಂಎಲ್ ಹಾಕಿ ಮಲಗಿಸುತ್ತೇವೆ.

ಹೊರಗಿನವರ ಕಣ್ಣಿಗೆ ಕೆಲಸ ಇಲ್ಲಿಗೆ ಮುಗಿಯಿತು. ನಮಗೆ ಶುರುವಾಗುವುದೇ ಈಗ. ಬಲಗಡೆ ಸೊಂಟದ ಕೆಳಗೆ ಸಣ್ಣ ದಿಂಬು ಇಡುತ್ತೇವೆ. ಇಲ್ಲದಿದ್ದರೆ ಬಸುರಿನ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ಹೃದಯಕ್ಕೆ ವಾಪಸ್ ಬರುವ ರಕ್ತ ಕಡಿಮೆಯಾಗುತ್ತದೆ. ಸ್ಪೈನಲ್‌ನಿಂದ ಹೇಗೂ ಬಿಪಿ ಇಳಿಯುತ್ತದೆ. ಮಗುವಿಗೆ ಹೋಗುವ ರಕ್ತ ತಾಯಿಯ ಬಿಪಿಯನ್ನೇ ನಂಬಿಕೊಂಡಿದೆ. ಮಾನಿಟರ್ ನಿಮಿಷಕ್ಕೊಮ್ಮೆ ಬಿಪಿ ತೋರಿಸುತ್ತದೆ, ಆದರೆ ಅದಕ್ಕಿಂತ ಮೊದಲು ಅವಳೇ ಹೇಳುತ್ತಾಳೆ: "ಮೇಡಂ, ಒಂಥರಾ ಆಗ್ತಿದೆ, ವಾಂತಿ ಬರೋ ಹಾಗಿದೆ." ತುಟಿ ಬಿಳಿಚಿರುತ್ತದೆ, ಕೆಲವರು ಆಕಳಿಸುತ್ತಾರೆ. ಆ ಮಾತು ಕಿವಿಗೆ ಬಿದ್ದಾಗ ನನ್ನ ಕೈ ಬಿಪಿ ಏರಿಸುವ ಫಿನೈಲೆಫ್ರಿನ್ ಸಿರಿಂಜ್ ಮೇಲೆ ಇರುತ್ತದೆ. ಬಿಪಿ ಸರಿಹೋದ ಸ್ವಲ್ಪ ಹೊತ್ತಿಗೆ ಮುಖದ ಬಣ್ಣ ತಿರುಗುತ್ತದೆ. ಇದನ್ನು ಎಷ್ಟು ಸಲ ನೋಡಿದರೂ ನನಗೆ ಸಮಾಧಾನ ಆಗುತ್ತದೆ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. ಚಾಕು ಇಡುವ ಮೊದಲು ಸ್ಪಿರಿಟ್ ಹತ್ತಿಯನ್ನು ತೊಡೆಯಿಂದ ಎದೆಯ ತನಕ ಮುಟ್ಟಿಸಿ, ತಣ್ಣಗಿರುವುದು ಎಲ್ಲಿಂದ ಗೊತ್ತಾಗುತ್ತದೆ ಅಂತ ಕೇಳುತ್ತೇವೆ. ಮರಗಟ್ಟಿದ್ದು ಎದೆಯ ಮಟ್ಟದ ತನಕ ಬರಬೇಕು. ಹಾಗೆ ಬಂದ ಮೇಲೂ ಎಳೆದ ಹಾಗೆ, ಒತ್ತಿದ ಹಾಗೆ ಅನಿಸುತ್ತದೆ. ಅದನ್ನು ಮೊದಲೇ ಅವಳಿಗೆ ಹೇಳಿಟ್ಟಿರಬೇಕು. ನೋವು ಮಾತ್ರ ಆಗಬಾರದು. "ನೋವಾಗ್ತಿದೆ" ಅಂತ ಅವಳು ಹೇಳಿದರೆ ಅದು ನೋವೇ. "ಸ್ವಲ್ಪ ತಡ್ಕೊಳಮ್ಮ, ಆಗೇ ಹೋಯ್ತು" ಅನ್ನುವ ಮಾತನ್ನು ಆಪರೇಷನ್ ಥಿಯೇಟರ್ (ಓಟಿ) ಗಳಲ್ಲಿ ನಾನು ಬೇಕಾದಷ್ಟು ಕೇಳಿದ್ದೇನೆ. ಆ ಮಾತು ನನಗೆ ಸಹಿಸಲು ಆಗುವುದಿಲ್ಲ. ಆಗಬಹುದಾದರೆ ಸರ್ಜನ್‌ಗೆ ನಿಲ್ಲಿಸಿ ಅನ್ನಬೇಕು, ಔಷಧಿ ಕೊಡಬೇಕು, ಅದಕ್ಕೂ ಬಗ್ಗದಿದ್ದರೆ ಪೂರ್ತಿ ಮಂಪರು ಕೊಡುವ ಮಾತನ್ನು ಅವಳ ಹತ್ತಿರವೇ ಆಡಬೇಕು. ಸೀನಿಯರ್ ಸರ್ಜನ್ ಎದುರು ನಿಲ್ಲಿಸಿ ಅನ್ನಲು ಧೈರ್ಯ ಬೇಕು. ಸ್ಪೈನಲ್ ಕೊಡುವುದಕ್ಕಿಂತ ಅದನ್ನು ಕಲಿಯುವುದು ಕಷ್ಟ. ನೀವು ಈ ದಾರಿಗೆ ಬರುವುದಾದರೆ ಮೊದಲ ವರ್ಷವೇ ಕಲಿತುಕೊಳ್ಳಿ.

ಎಲ್ಲ ದಿನವೂ ಇಷ್ಟು ವ್ಯವಧಾನ ಇರುವುದಿಲ್ಲ. ಮಗುವಿಗಿಂತ ಮೊದಲು ಹೊಕ್ಕುಳ ಬಳ್ಳಿ ಜಾರಿ ಕೆಳಗೆ ಬಂದ ಕೇಸ್ ನೋಡಿದ್ದೀರಾ? ಲೇಬರ್ ವಾರ್ಡಿನಿಂದ ಟ್ರಾಲಿ ಓಡಿ ಬರುತ್ತದೆ. ಜೊತೆಗೆ ಸಿಸ್ಟರೋ ಡಾಕ್ಟರೋ ಒಳಗೆ ಕೈ ಇಟ್ಟು ಮಗುವಿನ ತಲೆಯನ್ನು ಬಳ್ಳಿಯ ಮೇಲಿಂದ ಎತ್ತಿ ಹಿಡಿದುಕೊಂಡೇ ಬರುತ್ತಾರೆ. ಮಗು ಹೊರಗೆ ಬರುವ ತನಕ ಆ ಕೈ ತೆಗೆಯುವ ಹಾಗಿಲ್ಲ. ಮಗುವಿನ ಎದೆಬಡಿತ ಬಿದ್ದಿದ್ದರೆ ಸ್ಪೈನಲ್‌ಗೆ ಕೂರಿಸುವಷ್ಟು ಹೊತ್ತು ಇರುವುದಿಲ್ಲ. ಪೂರ್ತಿ ನಿದ್ದೆ ಬರಿಸುವ ಜನರಲ್ ಅನಸ್ತೇಷಿಯಾವೇ ಗತಿ. ಬಸುರಿಯಲ್ಲಿ ಅದು ಸಲೀಸಲ್ಲ. ಗಂಟಲು ಊದಿರುತ್ತದೆ, ಉಸಿರಾಟದ ಟ್ಯೂಬ್ ಹಾಕುವುದು ಕಷ್ಟವಾಗಬಹುದು. ಉಸಿರು ನಿಂತರೆ ಆಮ್ಲಜನಕ ಬೇರೆಯವರಿಗಿಂತ ಬೇಗ ಇಳಿಯುತ್ತದೆ. ಹೆರಿಗೆ ನೋವಿನಲ್ಲಿ ಹೊಟ್ಟೆ ಖಾಲಿಯಾಗುವುದೂ ನಿಧಾನ. "ಶಕ್ತಿ ಬರಲಿ" ಅಂತ ಮನೆಯವರು ಅನ್ನ ತುಪ್ಪ ತಿನ್ನಿಸಿ ಕಳಿಸಿರುತ್ತಾರೆ. ಅವರದು ಪ್ರೀತಿ, ತಪ್ಪು ಹೇಳಲಾರೆ. ಆದರೆ ಆ ಅನ್ನ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಅದಕ್ಕೇ ಕಡ್ಡಾಯವಾಗಿ ಕೇಳುತ್ತೇವೆ, ಕೊನೆಗೆ ಏನು ತಿಂದಿರಿ, ಎಷ್ಟು ಹೊತ್ತಾಯ್ತು ಅಂತ. ಇಂಥ ಕೇಸಿನಲ್ಲಿ ತಾಯಿ ಎದ್ದಾಗ ಮೊದಲ ಮಾತು "ಮಗು?" ಅಂತಲೇ. ಅದಕ್ಕೆ ಉತ್ತರ ಕೊಡುವವರೂ ನಾವೇ.

ರಕ್ತಸ್ರಾವದ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ, ಓದಿನಲ್ಲಿ ನಿಮಗೆ ಬಂದೇ ಬರುತ್ತದೆ. ತಿಂಗಳು ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರ್‌ಗಿಂತ ಜಾಸ್ತಿ ರಕ್ತ ಹರಿಯುತ್ತಿರುತ್ತದೆ. ಹೆರಿಗೆಯಾದ ಮೇಲೆ ಅದು ಬಿಗಿಯಾಗದಿದ್ದರೆ ಏನಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ. ಸರ್ಜನ್ ಕೈ ಗರ್ಭಕೋಶದ ಮೇಲಿರುತ್ತದೆ. ರಕ್ತ ತರಿಸುವುದು, ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಕೊಡುವುದು, ಮೈ ಬೆಚ್ಚಗಿಡುವುದು, ಎಷ್ಟು ಹೋಯಿತು ಎಷ್ಟು ಕೊಟ್ಟೆವು ಅಂತ ಲೆಕ್ಕ ಇಡುವುದು ಎಲ್ಲ ನಮ್ಮ ಪಾಲು.

ಇನ್ನು ಎಪಿಡ್ಯೂರಲ್. ನಾರ್ಮಲ್ ಹೆರಿಗೆಯಲ್ಲಿ ನೋವು ಕಡಿಮೆ ಮಾಡಲು ಬೆನ್ನಲ್ಲಿ ಸಣ್ಣ ನಳಿಕೆ ಇಟ್ಟು, ಔಷಧಿಯನ್ನು ತೀರಾ ತೆಳುವಾಗಿ ಕೊಡುತ್ತಾ ಹೋಗುವುದು. ನಮ್ಮಲ್ಲಿ ಇದನ್ನು ಕೇಳುವ ಹೆಂಗಸರು ಇನ್ನೂ ಕಡಿಮೆ. ಕೇಳಿದರೂ ಬಾಗಿಲಲ್ಲಿ ಅತ್ತೆಯೋ ಅಮ್ಮನೋ "ನಾವೆಲ್ಲ ನೋವು ತಿಂದೇ ಹೆತ್ತಿಲ್ವಾ?" ಅಂತಾರೆ. ಅವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಅವರಿಗೆ ಯಾರೂ ಕೇಳಿಯೇ ಇರಲಿಲ್ಲ, ನೋವು ಕಡಿಮೆ ಮಾಡಲಾ ಅಂತ. ಅವರನ್ನೂ ಕೂರಿಸಿಕೊಂಡು ಹೇಳುತ್ತೇನೆ: ಇದರಿಂದ ಸಿಸೇರಿಯನ್ ಆಗುವ ಸಾಧ್ಯತೆ ಹೆಚ್ಚುವುದಿಲ್ಲ, ಮುಕ್ಕುವ ಹಂತ ಸ್ವಲ್ಪ ಉದ್ದ ಆಗಬಹುದು, ಮೈ ತುರಿಸಬಹುದು, ಬಿಪಿ ಇಳಿಯಬಹುದು, ಅದಕ್ಕೆಲ್ಲ ನಾವು ಇಲ್ಲೇ ಇರುತ್ತೇವೆ. ಆದರೆ ಬೇಕೋ ಬೇಡವೋ ಅನ್ನುವ ಮಾತು ನೋವು ತಿನ್ನುತ್ತಿರುವವಳ ಬಾಯಿಂದಲೇ ಬರಬೇಕು.

ನೀವು ಅತಿ ಹೆಚ್ಚು ಸಲ ಎದುರಿಸುವ ಪ್ರಶ್ನೆ ಸೊಂಟನೋವಿನದು. "ಬೆನ್ನಿಗೆ ಇಂಜೆಕ್ಷನ್ ಕೊಟ್ಟಾಗಿನಿಂದ ಸೊಂಟ ಹೋಯ್ತು" ಅನ್ನುವ ಮಾತು ಪ್ರತಿ ಬೀದಿಯಲ್ಲೂ ಇದೆ. ಚುಚ್ಚಿದ ಜಾಗದಲ್ಲಿ ಕೆಲವು ದಿನ ನೋವು ಇರಬಹುದು. ಅದರಿಂದ ವರ್ಷಗಟ್ಟಲೆ ಸೊಂಟನೋವು ಬರುತ್ತದೆ ಅನ್ನುವುದನ್ನು ಅಧ್ಯಯನಗಳು ಒಪ್ಪಿಲ್ಲ. ಇಂಜೆಕ್ಷನ್ ತಗೊಳ್ಳದೆ ಹೆತ್ತವರಿಗೂ ಅಷ್ಟೇ ಸೊಂಟನೋವು ಇರುತ್ತದೆ. ಬಸುರು, ಮಗು ಎತ್ತುವುದು, ಬಗ್ಗಿ ಕೂತು ಹಾಲು ಕೊಡುವುದು, ನಿದ್ದೆಗೆಡುವುದು ಕಾರಣ. ಹಾಗಂತ ಅವಳ ನೋವು ಸುಳ್ಳು ಅನ್ನಬೇಡಿ.

ತಲೆನೋವು ಮಾತ್ರ ನಿಜವಾಗಿಯೂ ನಮ್ಮ ಸೂಜಿಯಿಂದ ಬರಬಹುದು. ಬೆನ್ನುಹುರಿಯ ಸುತ್ತ ಇರುವ ನೀರು ಸೋರಿ, ಎದ್ದು ಕೂತರೆ ತಲೆ ಸಿಡಿಯುತ್ತದೆ, ಮಲಗಿದರೆ ಇಳಿಯುತ್ತದೆ. 1898ರಲ್ಲಿ ಸ್ಪೈನಲ್ ಶುರು ಮಾಡಿದ ಜರ್ಮನಿಯ ಆಗಸ್ಟ್ ಬಿಯರ್ ತನ್ನ ಮೇಲೇ ಪ್ರಯೋಗ ಮಾಡಿಸಿಕೊಂಡು ಇದೇ ತಲೆನೋವಿನಿಂದ ದಿನಗಟ್ಟಲೆ ನರಳಿದ್ದ. ಪೆನ್ಸಿಲ್ ಮೊನೆಯ ಸಣ್ಣ ಸೂಜಿ ಬಳಸಿದರೆ ಇದು ಬಹಳ ಕಡಿಮೆ. ಅದರ ಬೆಲೆ ಸ್ವಲ್ಪ ಜಾಸ್ತಿ ಅಂತ ಕೆಲವು ಕಡೆ ತರಿಸುವುದಿಲ್ಲ. ಇಲ್ಲಿ ದುಡ್ಡು ಉಳಿಸುವುದು ನನಗೆ ಸರಿ ಕಾಣುವುದಿಲ್ಲ, ಹಸುಗೂಸಿಗೆ ಹಾಲು ಕೊಡಲು ಅವಳು ಎದ್ದು ಕೂರಬೇಕಲ್ವಾ? ಇಡೀ ದಿನ ತಲೆದಿಂಬಿಲ್ಲದೆ ಮಲಗಿಸುವ ಪದ್ಧತಿ ಇನ್ನೂ ಇದೆ. ಅದರಿಂದ ತಲೆನೋವು ತಪ್ಪುವುದಿಲ್ಲ, ಬಾಣಂತಿಗೆ ಹಿಂಸೆ ಅಷ್ಟೇ. ತಲೆನೋವು ಕಡಿಮೆಯಾಗದೇ ಇದ್ದರೆ ಅವಳದೇ ರಕ್ತ ತೆಗೆದು ಬೆನ್ನಿನಲ್ಲಿ ಹಾಕುವ ಬ್ಲಡ್ ಪ್ಯಾಚ್ ಇದೆ.

ಮಗುವಿಗೂ ನಮಗೂ ಸಂಬಂಧ ಇಲ್ಲ ಅನ್ನುವವರಿಗೆ ಅಪ್ಗಾರ್ ಸ್ಕೋರ್ ನೆನಪಿಸಿ. ಹುಟ್ಟಿದ ಮಗುವಿಗೆ ಒಂದನೇ ನಿಮಿಷ, ಐದನೇ ನಿಮಿಷ ಕೊಡುವ ಆ ಅಂಕವನ್ನು 1952ರಲ್ಲಿ ರೂಪಿಸಿದ ವರ್ಜೀನಿಯಾ ಅಪ್ಗಾರ್ ಅನಸ್ತೇಷಿಯಾ ಡಾಕ್ಟರೇ.

ಬದುಕಿನ ಮಾತಿಗೆ ಬಂದರೆ, ಕೆಲಸಕ್ಕೆ ಕೊರತೆ ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸುಮಾರು ನೂರಕ್ಕೆ 31 ಹೆರಿಗೆ ಸಿಸೇರಿಯನ್. ರಾತ್ರಿ ಫೋನ್ ತಪ್ಪುವುದಿಲ್ಲ, ಹಬ್ಬ ತಪ್ಪುತ್ತದೆ. ಸಣ್ಣ ಊರುಗಳ ಎಷ್ಟೋ ನರ್ಸಿಂಗ್ ಹೋಂಗಳಲ್ಲಿ ಖಾಯಂ ಅನಸ್ತೇಷಿಯಾ ಡಾಕ್ಟರ್ ಇರುವುದಿಲ್ಲ. ಕಾಲ್ ಬಂದಾಗ ಬ್ಯಾಗ್ ಹಿಡಿದು ಹೋಗಬೇಕು. ಹಾಗೆ ಹೋದಾಗ ಎಷ್ಟೇ ಅವಸರ ಇದ್ದರೂ ಆಕ್ಸಿಜನ್, ಸಕ್ಷನ್, ಟ್ಯೂಬ್ ಹಾಕುವಾಗ ಗಂಟಲು ನೋಡುವ ಲ್ಯಾರಿಂಗೋಸ್ಕೋಪ್‌ನ ಬಲ್ಬು ನೀವೇ ಮುಟ್ಟಿ ನೋಡಿ. ಬೇರೆಯವರ ಮಾತು ನಂಬಬೇಡಿ.

ಮೂರು ವರ್ಷದ ಎಂಡಿ ಅಥವಾ ಡಿಎನ್‌ಬಿ ಆದ ಮೇಲೆ ಇದೇ ವಿಷಯದಲ್ಲಿ ಫೆಲೋಶಿಪ್ ಮಾಡಬಹುದು. ಆದರೆ ಕೈ ಪಳಗುವುದು ಪಿಜಿಯಲ್ಲೇ. ಕೌನ್ಸೆಲಿಂಗ್‌ನಲ್ಲಿ ಕಾಲೇಜು ಆರಿಸುವಾಗ ಹೆಸರು ನೋಡಿ ಮರುಳಾಗಬೇಡಿ. ಅಲ್ಲಿನ ಪಿಜಿಗಳಿಗೆ ಫೋನ್ ಮಾಡಿ. ಲೇಬರ್ ವಾರ್ಡ್‌ನಲ್ಲಿ ಎಪಿಡ್ಯೂರಲ್ ಕೊಡ್ತಾರಾ, ರಾತ್ರಿ ಡ್ಯೂಟಿಯಲ್ಲಿ ಸೀನಿಯರ್ ಜೊತೆಗಿರ್ತಾರಾ, ಬ್ಲಡ್ ಬ್ಯಾಂಕ್ ಆವರಣದಲ್ಲೇ ಇದೆಯಾ ಅಂತ ಕೇಳಿ. ಇಂಟರ್ನ್‌ಶಿಪ್ ಮಾಡಿದ ಕಡೆ ಪರಿಚಯದವರಿದ್ದರೆ ಒಂದು ರಾತ್ರಿ ಸಿಸೇರಿಯನ್ ಓಟಿಯಲ್ಲಿ ನಿಲ್ಲಲು ಅನುಮತಿ ಕೇಳಿ. ಪರದೆಯ ಈ ಕಡೆ ನಿಲ್ಲಿ.