ಓದುಗರ ಪ್ರಶ್ನೆಗೆ ಉತ್ತರ: ಮಂಗಳೂರಿನ ಹಳೆಯ ದಾರಿ, ಹಳೆಯ ನಕ್ಷೆ

ಪ್ರಶ್ನೆ: ಮಾನ್ಯರೇ, ಬಿಜೈಯಲ್ಲಿರುವ ನಮ್ಮ ಮನೆಯ ಹಳೆಯ ಕ್ರಯಪತ್ರದಲ್ಲಿ ಪಡು ದಿಕ್ಕಿನ ಗಡಿ ‘ಕಾಲುದಾರಿ’ ಎಂದಿದೆ. ಈಗ ಅಲ್ಲಿ ವಸತಿ ಸಮುಚ್ಚಯವೊಂದರ ಆವರಣ ಗೋಡೆ ಎದ್ದಿದೆ. ದಾರಿ ಇದ್ದುದನ್ನು ತೋರಿಸುವ ನಕ್ಷೆ ಎಲ್ಲಿ ಸಿಗಬಹುದು? ಸಿಕ್ಕರೆ ಅದಕ್ಕೆ ಬೆಲೆ ಇದೆಯೇ? — ಓದುಗರು, ಬಿಜೈ

ಉತ್ತರ: ‘ಹಳೆಯ ನಕ್ಷೆ’ ಎಂದು ಕೇಳಿಕೊಂಡು ಕಚೇರಿಗೆ ಹೋದವರು ಸಾಮಾನ್ಯವಾಗಿ ಬರಿಗೈಯಲ್ಲಿ ಹಿಂದಿರುಗುತ್ತಾರೆ. ಯಾವ ಉದ್ದೇಶಕ್ಕೆ ಬರೆದ ನಕ್ಷೆ ಬೇಕೆಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕು, ಏಕೆಂದರೆ ಒಂದೇ ಕಾಲುದಾರಿ ಒಂದು ನಕ್ಷೆಯಲ್ಲಿ ಸ್ಪಷ್ಟವಾಗಿದ್ದು ಅದೇ ಕಾಲದ ಇನ್ನೊಂದರಲ್ಲಿ ಹೆಸರಿಗೂ ಇಲ್ಲದಿರಬಹುದು.

ಭಾರತೀಯ ಸರ್ವೇಕ್ಷಣಾ ಇಲಾಖೆಯ ಭೂಲಕ್ಷಣ ನಕ್ಷೆಗಳು ಮೊದಲು ಮೈಲಿಗೆ ಒಂದು ಇಂಚಿನ ಪ್ರಮಾಣದಲ್ಲಿದ್ದವು. ಮೆಟ್ರಿಕ್ ಪದ್ಧತಿ ಬಂದ ಮೇಲೆ 1:50,000, ಅಂದರೆ ಒಂದು ಸೆಂಟಿಮೀಟರಿಗೆ 500 ಮೀಟರ್. ಮಂಗಳೂರು ನಗರವಿರುವ ಹಾಳೆಯ ಹಳೆಯ ಸಂಖ್ಯೆ 48 ಎಲ್/13. ಈ ಪ್ರಮಾಣದಲ್ಲಿ ಹನ್ನೆರಡು ಅಡಿಯ ರಸ್ತೆಯನ್ನು ಅಳತೆಗೆ ತಕ್ಕಂತೆ ಬರೆದರೆ ಅದು ಕಣ್ಣಿಗೇ ಬೀಳದು. ಆದ್ದರಿಂದ ರಸ್ತೆಗಳೆಲ್ಲ ಅಲ್ಲಿ ಸಂಕೇತಗಳು ಮಾತ್ರ. ಬೈಲಿನ ಕಟ್ಟಪುಣಿಯ ಮೇಲಿನ ದಾರಿಯನ್ನೋ ಎರಡು ಕೆಂಪುಕಲ್ಲಿನ ಗೋಡೆಗಳ ನಡುವಿನ ಓಣಿಯನ್ನೋ ತೋರಿಸುವ ಹೊಣೆ ಆ ನಕ್ಷೆಯದಲ್ಲ. ಊರಿನ ಒಟ್ಟು ಆಕಾರ, ಹೊಳೆ, ಗುಡ್ಡೆ, ಗಾಡಿರಸ್ತೆಗಳನ್ನು ತಿಳಿಯಲು ಅದು ಉತ್ತಮ. ಕರಾವಳಿಯಿಂದ 80 ಕಿಲೋಮೀಟರಿನೊಳಗಿನ ಹಾಳೆಗಳು ದೀರ್ಘ ಕಾಲ ನಿರ್ಬಂಧಿತವಾಗಿದ್ದುದರಿಂದ ನಮ್ಮ ಜಿಲ್ಲೆಯವರಿಗೆ ಅವು ಸುಲಭವಾಗಿ ಕೈಗೆ ಸಿಗುತ್ತಿರಲಿಲ್ಲ. 2005ರ ರಾಷ್ಟ್ರೀಯ ನಕ್ಷಾ ನೀತಿಯ ನಂತರ ಸಾರ್ವಜನಿಕರಿಗಾಗಿಯೇ ಬೇರೆ ಸರಣಿ ಬಂದಿದೆ.

ನಿಮಗೆ ಬೇಕಾದದ್ದು ಕಂದಾಯ ನಕ್ಷೆ. ಇಲ್ಲಿ ಒಂದು ಸಂಗತಿಯನ್ನು ಮನಸ್ಸಿನಲ್ಲಿಡಬೇಕು. ನಮ್ಮ ಜಿಲ್ಲೆ 1799ರಿಂದ 1956ರ ನವೆಂಬರ್ 1ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ಭೂಮಿ ಅಳೆದದ್ದೂ ಮದ್ರಾಸಿನ ಕ್ರಮದಲ್ಲಿಯೇ. ಹಳೆಯ ಮೈಸೂರಿನವರು ಎಕರೆಯನ್ನು 40 ಗುಂಟೆಗಳಾಗಿ ಎಣಿಸುವಾಗ ನಾವು ಇಂದಿಗೂ 100 ಸೆಂಟ್ಸ್ ಎನ್ನುವುದು ಅದರ ಉಳಿಕೆ. ಮದ್ರಾಸ್ ಕ್ರಮದ ಗ್ರಾಮನಕ್ಷೆಗಳು ಸಾಮಾನ್ಯವಾಗಿ ಮೈಲಿಗೆ 16 ಇಂಚಿನ ಪ್ರಮಾಣದವು. ಒಂದು ಇಂಚಿಗೆ 330 ಅಡಿ, ಅಂದರೆ 66 ಅಡಿಯ ಐದು ಸರಪಳಿ. ಇದರಲ್ಲಿ ದಾರಿ, ತೋಡು, ಕೆರೆಗಳೆಲ್ಲ ಕಾಣುತ್ತವೆ. ಇದಕ್ಕಿಂತಲೂ ಸೂಕ್ಷ್ಮವಾದದ್ದು ಪ್ರತಿ ಸರ್ವೆ ನಂಬರಿನ ಅಳತೆಯ ರೇಖೆಗಳಿರುವ ಎಫ್‌ಎಂಬಿ (ಫೀಲ್ಡ್ ಮೆಷರ್‌ಮೆಂಟ್ ಬುಕ್) ನಕ್ಷೆ.

ಗ್ರಾಮನಕ್ಷೆಗಳನ್ನು ರಾಜ್ಯದ ಭೂಮಾಪನ ಇಲಾಖೆಯ ಜಾಲತಾಣದಿಂದ ಪಡೆಯಬಹುದು. ಎಫ್‌ಎಂಬಿ ನಕ್ಷೆಯ ದೃಢೀಕೃತ ಪ್ರತಿಗೂ, ಸರ್ವೆ ನಂಬರುವಾರು ಜಮೀನಿನ ವಿವರವಿರುವ ಗ್ರಾಮಲೆಕ್ಕವಾದ ಹಳೆಯ ಅಡಂಗಲ್ಲಿಗೂ ಸರ್ವೆ ನಂಬರು ಬರೆದು ತಾಲೂಕು ಕಚೇರಿಯಲ್ಲಿ ಅರ್ಜಿ ಕೊಡಿ. ಬಿಜೈ ನಗರದೊಳಗೆ ಸೇರಿ ಎಷ್ಟೋ ಕಾಲವಾಗಿರುವುದರಿಂದ ಹಳೆಯ ನಂಬರು ಯಾವ ಹೊಸ ನಂಬರಿಗೆ ಸಲ್ಲುತ್ತದೆ ಎಂಬುದನ್ನು ಅಲ್ಲಿಯೇ ಕೇಳಿ ತಿಳಿದುಕೊಳ್ಳಿ. ಈ ಕೊಂಡಿ ತಪ್ಪಿದರೆ ಪಕ್ಕದವರ ಹಿತ್ತಲಿನ ನಕ್ಷೆ ಕೈಗೆ ಬರುವುದೂ ಉಂಟು. ಸ್ಥಳೀಯವಾಗಿ ಏನೂ ದೊರೆಯದಿದ್ದಾಗ ಚೆನ್ನೈಯ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರವನ್ನು ಮರೆಯಬಾರದು. ಮಂಗಳೂರಿನ ಚರಿತ್ರೆಯನ್ನು ಬೆಂಗಳೂರಿನಲ್ಲಿ ಮಾತ್ರ ಹುಡುಕುವವರು ಒಂದೂವರೆ ಶತಮಾನದ ಕಾಗದಗಳನ್ನು ನೋಡದೆಯೇ ಬಿಡುತ್ತಾರೆ.

ನಕ್ಷೆ ಕೈಗೆ ಬಂದಾಗ ಒಂದು ಅಂಶವನ್ನು ಗಮನವಿಟ್ಟು ನೋಡಿ. ದಾರಿಗೆ ಅದರದೇ ಪ್ರತ್ಯೇಕ ನಂಬರಿದ್ದು ದಾಖಲೆಯಲ್ಲಿ ‘ಪರಂಬೋಕು’ ಎಂದಿದ್ದರೆ ಅದು ಸರಕಾರದ ಜಾಗ; ಗೋಡೆ ಕಟ್ಟಿದವರು ಅದಕ್ಕೆ ಉತ್ತರ ಕೊಡಬೇಕಾಗುತ್ತದೆ. ಖಾಸಗಿ ನಂಬರಿನ ಒಳಗೆ ಬರಿಯ ಚುಕ್ಕಿಗೆರೆಯಾಗಿ ಕಂಡರೆ ನೆಲ ಒಬ್ಬರದು, ನಡೆಯುವ ಹಕ್ಕು ಇನ್ನೊಬ್ಬರದು ಎಂಬ ಪ್ರಶ್ನೆ ಹುಟ್ಟುತ್ತದೆ. 1882ರ ಅನುಭೋಗ ಹಕ್ಕಿನ ಕಾಯಿದೆಯ ಪ್ರಕಾರ ಖಾಸಗಿ ನೆಲದ ಮೇಲೆ 20 ವರ್ಷ ಅಡೆತಡೆಯಿಲ್ಲದೆ, ಬಹಿರಂಗವಾಗಿ, ಹಕ್ಕೆಂದೇ ನಡೆದಾಡಿದವರಿಗೆ ದಾರಿಯ ಹಕ್ಕು ಸಿದ್ಧಿಸಬಹುದು. ಆದರೆ ಆ ಅವಧಿ ದಾವೆ ಹೂಡುವುದಕ್ಕೆ ಹಿಂದಿನ ಎರಡು ವರ್ಷಗಳ ಒಳಗೆ ಮುಗಿದಿರಬೇಕು. ಆದ್ದರಿಂದ ಗೋಡೆ ಯಾವಾಗ ಎದ್ದಿತು ಎಂಬುದು ನಕ್ಷೆಯಷ್ಟೇ ಮುಖ್ಯ. ಸರಕಾರದ ಅಧಿಕಾರದಿಂದ ತಯಾರಾದ ನಕ್ಷೆ ಸರಿಯಾಗಿದೆ ಎಂದೇ ನ್ಯಾಯಾಲಯ ಆರಂಭದಲ್ಲಿ ಭಾವಿಸುತ್ತದೆ; ಎದುರು ಪಕ್ಷದವರು ಅದನ್ನು ಅಲ್ಲಗಳೆಯಬಹುದು. ಕ್ರಯಪತ್ರ, ಎಫ್‌ಎಂಬಿ, ನೆರೆಯವರ ಪತ್ರಗಳಲ್ಲಿರುವ ಮೂಡು ದಿಕ್ಕಿನ ಗಡಿ ಈ ಮೂರೂ ಒಂದೇ ಮಾತು ಹೇಳಿದರೆ ನಿಮ್ಮ ಕೈ ಬಲವಾಗಿರುತ್ತದೆ. ಮುಂದಿನ ಹೆಜ್ಜೆಯನ್ನು ವಕೀಲರನ್ನು ಕೇಳಿಯೇ ಇಡಿ.

ಪ್ರಶ್ನೆ: ಮಂಗಳೂರು–ಉಡುಪಿ ದಾರಿ ಇರುವ ಒಂದು ಹಳೆಯ ನಕ್ಷೆಯನ್ನು ಇಂದಿನ ಉಪಗ್ರಹ ಚಿತ್ರದ ಮೇಲೆ ಹೊಂದಿಸಲು ನೋಡಿದೆ. ಹೊಳೆಗಳ ಬಳಿ ರಸ್ತೆ ತುಂಡಾಗಿದೆ, ಸಮುದ್ರದ ದಡವಂತೂ ಹೊಂದುವುದೇ ಇಲ್ಲ. ಅಳೆದವರೇ ತಪ್ಪಿದ್ದಾರೆಯೇ? — ವಿದ್ಯಾರ್ಥಿ, ಸುರತ್ಕಲ್

ಉತ್ತರ: ರಸ್ತೆ ತುಂಡಾಗಿರುವುದು ಸರಿಯೇ. ಕೂಳೂರಿನಲ್ಲಿ ಗುರುಪುರ ಹೊಳೆ, ಪಾವಂಜೆಯಲ್ಲಿ ನಂದಿನಿ, ಮೂಲ್ಕಿಯಲ್ಲಿ ಶಾಂಭವಿ, ಅದರಾಚೆ ಉದ್ಯಾವರದ ಹೊಳೆ, ಇವುಗಳಿಗೆ ಸೇತುವೆಯಾಗುವ ಮೊದಲು ಪ್ರಯಾಣಿಕರು ದಡದಲ್ಲಿಳಿದು ದೋಣಿಯಲ್ಲಿ ದಾಟಿ ಆಚೆ ಇನ್ನೊಂದು ಬಸ್ಸು ಹಿಡಿಯುತ್ತಿದ್ದರು. ನಕ್ಷೆ ತೋರಿಸುವುದು ಆ ಕಡವುಗಳನ್ನು.

ಹೊಂದಾಣಿಕೆಯ ತೊಡಕಿಗೆ ಬೇರೆ ಕಾರಣಗಳಿವೆ. ನಕ್ಷೆ ಬರೆಯಲು ಭೂಮಿಯ ಆಕಾರಕ್ಕೆ ಒಂದು ಲೆಕ್ಕದ ಮಾದರಿಯನ್ನು ಹಿಡಿಯಬೇಕಾಗುತ್ತದೆ. ಹಳೆಯ ಸರ್ವೆ ಹಾಳೆಗಳು ಎವರೆಸ್ಟ್ ಗೋಳಾಭವೆಂಬ ಮಾದರಿಯನ್ನು ಆಧರಿಸಿವೆ, ನಿಮ್ಮ ಫೋನಿನ ಜಿಪಿಎಸ್ ಡಬ್ಲ್ಯುಜಿಎಸ್ 84 ಎಂಬ ಇನ್ನೊಂದನ್ನು. ಇಷ್ಟರಿಂದಲೇ ನೂರಾರು ಮೀಟರು ಸರಿಯುತ್ತದೆ. ಹಾಳೆ 19ನೇ ಶತಮಾನದ್ದಾದರೆ ಇನ್ನೂ ದೊಡ್ಡ ವ್ಯತ್ಯಾಸವಿದೆ. ಆಗ ಬಳಸುತ್ತಿದ್ದ ಮದ್ರಾಸಿನ ರೇಖಾಂಶದಲ್ಲಿ ಸುಮಾರು 2 ಮಿನಿಟು 27 ಸೆಕೆಂಡುಗಳ ದೋಷವಿದ್ದುದು ನಂತರ ತಿಳಿಯಿತು. ನಮ್ಮ ಅಕ್ಷಾಂಶದಲ್ಲಿ ಅದು ನಾಲ್ಕು ಕಿಲೋಮೀಟರಿಗೂ ಹೆಚ್ಚು. ಅಳೆದವರನ್ನು ಇದಕ್ಕಾಗಿ ಹಳಿಯುವುದು ನ್ಯಾಯವಲ್ಲ. ಊರೂರುಗಳ ನಡುವಣ ಅಂತರವನ್ನು ಅವರು ಸೊಗಸಾಗಿಯೇ ಅಳೆದಿದ್ದರು. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನಲ್ಲಿ ಆರಂಭಿಸಿದ ತ್ರಿಕೋನ ಮಾಪನ ಮಂಗಳೂರಿನ ಕಡಲನ್ನು ಮುಟ್ಟಿದಾಗ, 400 ಮೈಲಿಯೆಂದು ನಂಬಿದ್ದ ದಕ್ಷಿಣ ಭಾರತದ ಈ ಅಗಲ 360 ಮೈಲಿ ಮಾತ್ರ ಎಂದು ಗೊತ್ತಾಯಿತು.

ಸಮುದ್ರದ ದಡವನ್ನು ಹೊಂದಾಣಿಕೆಯ ಗುರುತಾಗಿ ಎಂದೂ ಹಿಡಿಯಬೇಡಿ. ಬೆಂಗ್ರೆ, ಉಳ್ಳಾಲದ ಮರಳದಿಣ್ಣೆಗಳು ಅಳಿವೆಯ ಬಳಿ ಸದಾ ರೂಪ ಬದಲಿಸುತ್ತವೆ. ಪಣಂಬೂರಿನಲ್ಲಿ ನವಮಂಗಳೂರು ಬಂದರು ನೆಲ ಅಗೆದು ಮಾಡಿದ್ದಾದ್ದರಿಂದ, 1974ರಲ್ಲಿ ಅದು ಮಹಾ ಬಂದರಾಗಿ ಘೋಷಿತವಾಗುವುದಕ್ಕೆ ಬಹಳ ಹಿಂದಿನ ನಕ್ಷೆಯಲ್ಲಿ ಅಲ್ಲಿ ನೀರೇ ಇರುವುದಿಲ್ಲ. ಕದ್ರಿ ದೇವಸ್ಥಾನ, ಬಾವುಟಗುಡ್ಡೆ, ಸುಲ್ತಾನ್ ಬತ್ತೇರಿಯಂತಹ ಅಲುಗದ ಸ್ಥಳಗಳನ್ನು ಹಿಡಿದು ಹೊಂದಿಸಿ. ಹಳೆಯ ನಕ್ಷೆಗೂ ಇಂದಿಗೂ ನಡುವಿನ ಕಾಲದ ಸ್ಥಿತಿಯನ್ನು ನೋಡಬೇಕೆಂದರೆ 1995ರಲ್ಲಿ ಬಹಿರಂಗಗೊಂಡ ಅಮೆರಿಕದ ಕರೋನಾ ಉಪಗ್ರಹಗಳ 1960–72ರ ಛಾಯಾಚಿತ್ರಗಳಲ್ಲಿ ನಮ್ಮ ಕರಾವಳಿಗಾಗಿ ಹುಡುಕಬಹುದು.

ಪ್ರಶ್ನೆ: ತಂದೆಯವರ ಕಾಲದ ರಸ್ತೆ ನಕ್ಷೆಯಲ್ಲಿರುವ ಹೆದ್ದಾರಿ ಸಂಖ್ಯೆಗಳಲ್ಲಿ ಒಂದೂ ಈಗಿನ ಫಲಕಗಳಿಗೆ ತಾಳೆಯಾಗುವುದಿಲ್ಲವೇಕೆ? — ಓದುಗರು, ಪಡೀಲ್

ಉತ್ತರ: 2010ರಲ್ಲಿ ದೇಶದ ರಾಷ್ಟ್ರೀಯ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಕೊಡಲಾಯಿತು. ಕರಾವಳಿಯ 17 ಈಗ 66. ಶಿರಾಡಿ ಘಾಟಿಯ 48 ಈಗ 75. ಮೂಡುಬಿದಿರೆ, ಕಾರ್ಕಳದ ಕಡೆಗೆ ಹೋಗುವ 13 ಈಗ 169. ನಡುವೆ ಮೇಲ್ಸೇತುವೆ, ಬಳಸುದಾರಿಗಳು ಬಂದಿವೆಯಾದರೂ ದಾರಿಯ ಒಟ್ಟು ಜಾಡು ಬಹುಮಟ್ಟಿಗೆ ಹಳೆಯದೇ. ಹಳೆಯ ಸಂಖ್ಯೆಯ ಪಕ್ಕದಲ್ಲಿ ಹೊಸದನ್ನು ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡರೆ ಆ ನಕ್ಷೆಯನ್ನು ಇನ್ನೂ ಬಳಸಬಹುದು.